ಅಂಧರ ಲ್ಯಾಪ್‌ಟಾಪ್‌ಗೆ ವಿಂಡೋಸಾ, ಲಿನಕ್ಸಾ? 'ಫ್ರೀ' ಅಂತ ಹಾಕೋ ಮುಂಚೆ ಯೋಚಿಸಿ

ಭರಮಸಾಗರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0, ಕನಿಷ್ಠ 4 ಜಿಬಿ ರ‍್ಯಾಮ್, ಕಂಪನಿ ಪಟ್ಟಿಯಲ್ಲಿರೋ ಪ್ರೊಸೆಸರ್ ಬೇಕು. ಹಳೇ ಲ್ಯಾಪ್‌ಟಾಪ್ ತಂದವರಿಗೆ ಸಿಗೋ ಸುಲಭ ಸಲಹೆ, 'ಲಿನಕ್ಸ್ ಹಾಕಿಸ್ಕೊಳ್ಳಿ, ಫ್ರೀ'. ಕಣ್ಣು ಕಾಣುವವರಿಗೆ ಇದು ಸರಿ ಇರಬಹುದು. ಕಾಣದವರಿಗೆ ಲೆಕ್ಕವೇ ಬೇರೆ.

ದನಿ ನಿಂತ್ರೆ ಕಂಪ್ಯೂಟರ್ ನಿಂತಂಗೆ

ಅಂಧರು ಕಂಪ್ಯೂಟರ್ ಬಳಸೋದು ಸ್ಕ್ರೀನ್ ರೀಡರ್ ನೆರವಿನಿಂದ. ಪರದೆ ಮೇಲಿರೋದನ್ನ ಅದು ಓದಿ ಹೇಳುತ್ತೆ. ಮೌಸ್ ಬೇಡ, ಕೀಬೋರ್ಡೇ ಎಲ್ಲ. ಜಾಸ್ ಅನ್ನೋ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕು. 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕಲ್ ಕರನ್ ಶುರು ಮಾಡಿದ ಎನ್‌ವಿಡಿಎ ಉಚಿತ. ಪೆನ್‌ಡ್ರೈವ್‌ನಲ್ಲೂ ಇಟ್ಕೊಂಡು ಓಡಾಡಬಹುದು. ಜತೆಗೆ ಬರೋ ದನಿಯಲ್ಲಿ ಕನ್ನಡವೂ ಇದೆ, ಸ್ವಲ್ಪ ಯಂತ್ರದ ದನಿ ಅಷ್ಟೇ.

ಆದ್ರೆ ಎನ್‌ವಿಡಿಎ ಓಡೋದು ವಿಂಡೋಸ್‌ನಲ್ಲಿ ಮಾತ್ರ. ಲಿನಕ್ಸ್‌ನಲ್ಲಿ ಆರ್ಕಾ ಇದೆ. ಇಂಟರ್ನೆಟ್, ಇಮೇಲ್, ಟೈಪಿಂಗ್‌ಗೆ ಅದು ಸಾಕು. ಆದ್ರೆ ವರ್ಷಗಟ್ಟಲೆ ಬೆರಳಿಗೆ ರೂಢಿಯಾದ ಎಷ್ಟೋ ಶಾರ್ಟ್‌ಕಟ್ ಮತ್ತೆ ಕಲೀಬೇಕು. ಕೇಳದೇ ಬದಲಿಸಿದ್ರೆ ವಿದ್ಯಾರ್ಥಿಯ ಓದೇ ನಿಲ್ಲುತ್ತೆ.

ಗೇಮ್ ಆಡೋದು ಬರೀ ಮೋಜಲ್ಲ

ಸಾಮಾನ್ಯ ಗೇಮ್‌ನಲ್ಲಿ ಮೆನು ಕೂಡ ಚಿತ್ರವಾಗೇ ಮೂಡುತ್ತೆ. ಸ್ಕ್ರೀನ್ ರೀಡರ್‌ಗೆ ಓದೋಕೆ ಅಕ್ಷರವೇ ಸಿಗಲ್ಲ. ಅದಕ್ಕೇ ಶಬ್ದದ ಮೇಲೇ ನಡೆಯೋ ಆಡಿಯೋ ಗೇಮ್‌ಗಳಿವೆ. ಹೆಡ್‌ಫೋನ್‌ನಲ್ಲಿ ಎಡ, ಬಲ ಗುರುತಿಸಿ ಆಡೋದು. ಮಕ್ಕಳಿಗೆ ಕೀಬೋರ್ಡ್ ಭಯ ಬಿಡಿಸೋಕೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ. ಇಂಥ ಕಂಪ್ಯೂಟರ್ ಗೇಮ್‌ಗಳಲ್ಲಿ ಹೆಚ್ಚಿನವು ವಿಂಡೋಸ್‌ಗೇ ಮಾಡಿದವು.

ದೊಡ್ಡ ಕಂಪನಿಗಳೂ ಬದಲಾಗ್ತಿವೆ. 2020ರ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಗೇಮ್‌ನಲ್ಲಿ ಅಂಗವಿಕಲರಿಗಾಗಿ 60ಕ್ಕೂ ಹೆಚ್ಚು ಆಯ್ಕೆ ಇದ್ವು. 2023ರ 'ಫೋರ್ಜಾ ಮೋಟಾರ್‌ಸ್ಪೋರ್ಟ್' ರೇಸ್‌ನಲ್ಲಿ ತಿರುವನ್ನೂ ಶಬ್ದದಿಂದ ತಿಳಿಸ್ತಾರೆ. ಆದ್ರೆ ಇವು ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡುವಂಥವಲ್ಲ.

ಎರಡೂ ಕಡೆ ನಡೆಯೋದು ಚೆಸ್. ಉಚಿತ ಲಿಚೆಸ್ ವೆಬ್‌ಸೈಟ್‌ನಲ್ಲಿ ಅಂಧರಿಗೇ ಪ್ರತ್ಯೇಕ ವ್ಯವಸ್ಥೆ ಇದೆ, ಬ್ರೌಸರ್ ಇದ್ರೆ ಸಾಕು. ಶಿವಮೊಗ್ಗದ ಕಿಶನ್ ಗಂಗೊಳ್ಳಿ ದೃಷ್ಟಿದೋಷದ ನಡುವೆಯೂ 2018ರ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿದ್ದು ಚೆಸ್‌ನಲ್ಲೇ.

ಅಂಗಡಿಯವರು ಏನ್ ಮಾಡಬಹುದು?

* ಮೊದಲು ಕೇಳಿ: ಯಾವ ಸ್ಕ್ರೀನ್ ರೀಡರ್ ರೂಢಿ?
* ಸ್ಪೀಕರ್, ಹೆಡ್‌ಫೋನ್ ಜ್ಯಾಕ್ ಪರೀಕ್ಷಿಸಿ. ಬೇರೆಯವರಿಗೆ ಡಿಸ್‌ಪ್ಲೇ ಹೇಗೋ ಇವರಿಗೆ ಸೌಂಡ್ ಹಾಗೆ.
* ಲಿನಕ್ಸ್ ಆದ್ರೆ, ಆರ್ಕಾ ಮಾತಾಡೋದನ್ನ ಗ್ರಾಹಕರಿಗೆ ಕೇಳಿಸಿದ ಮೇಲೇ ಹಳೇದು ಅಳಿಸಿ.
* ಡಿಟಿಪಿ ಮಾಡೋರು ಕನ್ನಡವನ್ನ ಯೂನಿಕೋಡ್‌ನಲ್ಲಿ ಕೊಡಿ. ನುಡಿ, ಬರಹದ ಹಳೇ ಫಾಂಟ್‌ನಲ್ಲಿದ್ರೆ ಸ್ಕ್ರೀನ್ ರೀಡರ್ ಅರ್ಥವಿಲ್ಲದ ಅಕ್ಷರ ಓದುತ್ತೆ.

ಡಿಜಿಟಲ್ ಸೇವೆ ಎಲ್ಲರಿಗೂ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ತೀರ್ಪು ದೆಹಲಿಯದ್ದು. ಅದು ಹಳ್ಳಿಯ ಹುಡುಗನಿಗೆ ಮುಟ್ಟೋದು ರಿಪೇರಿ ಅಂಗಡಿಯ ಟೇಬಲ್ ಮೇಲೆ.