ವಿಮೆಯ ಹಣಕ್ಕೆ ವಿನಾಯಿತಿ ಸಾಕು, ಟ್ರಸ್ಟಿನ ಮರೆ ಏಕೆ?

ಅಮೆರಿಕದ ಒಬ್ಬ ವಿಚ್ಛೇದಿತ ಉದ್ಯಮಿ ಈ ವರ್ಷ 2 ಕೋಟಿ ಡಾಲರ್ ಆಸ್ತಿ ಬಿಟ್ಟು ತೀರಿಕೊಂಡರು ಎಂದಿಟ್ಟುಕೊಳ್ಳಿ. ಅದರ ಜೊತೆಗೆ 50 ಲಕ್ಷ ಡಾಲರ್‌ನ ಜೀವ ವಿಮೆಯೂ ಇದೆ. ಪಾಲಿಸಿ ಅವರ ಹೆಸರಿನಲ್ಲೇ ಇದ್ದರೆ ಆ ಮೊತ್ತ ಆಸ್ತಿಯ ಲೆಕ್ಕಕ್ಕೆ ಸೇರುತ್ತದೆ. ಒಟ್ಟು 2.5 ಕೋಟಿ ಡಾಲರ್. 2026ಕ್ಕೆ ಅಲ್ಲಿನ ಎಸ್ಟೇಟ್ ತೆರಿಗೆಯ ವಿನಾಯಿತಿ ಮಿತಿ 1.5 ಕೋಟಿ ಡಾಲರ್. ಉಳಿದ 1 ಕೋಟಿಗೆ ಶೇ 40ರಂತೆ 40 ಲಕ್ಷ ಡಾಲರ್ ತೆರಿಗೆ ಬೀಳುತ್ತದೆ. ಅದೇ ಪಾಲಿಸಿಯನ್ನು ಮೊದಲಿನಿಂದಲೂ ಹಿಂತೆಗೆದುಕೊಳ್ಳಲಾಗದ ಟ್ರಸ್ಟೊಂದು ಹೊಂದಿದ್ದರೆ ತೆರಿಗೆ 20 ಲಕ್ಷಕ್ಕೆ ಇಳಿಯುತ್ತದೆ. ಎರಡೂ ಸಂದರ್ಭದಲ್ಲಿ ಸತ್ತವರು ಅವರೇ, ಕಂತು ಕಟ್ಟಿದ ದುಡ್ಡು ಅವರದೇ, ಹಣ ಸೇರುವುದು ಅದೇ ಮಕ್ಕಳಿಗೆ. ವ್ಯತ್ಯಾಸ ಇರುವುದು ಪಾಲಿಸಿಯ ಮೇಲಿನ ಹೆಸರಿನಲ್ಲಿ ಮಾತ್ರ.

ಹೆಸರೊಂದಕ್ಕೆ ಇಪ್ಪತ್ತು ಲಕ್ಷ ಡಾಲರ್ ಬೆಲೆ ಬರುವ ಈ ವ್ಯವಸ್ಥೆಯನ್ನು ನಾವು ಗಮನಿಸಬೇಕಾದ ಕಾರಣವಿದೆ. ಭಾರತದಲ್ಲಿ ಉತ್ತರಾಧಿಕಾರ ತೆರಿಗೆಯ ಮಾತು ಆಗಾಗ ಏಳುತ್ತದೆ. 2024ರ ಲೋಕಸಭಾ ಚುನಾವಣೆಯ ವೇಳೆ ಅದು ದೊಡ್ಡ ವಿವಾದವೇ ಆಯಿತು. ಅಂಥ ತೆರಿಗೆ ಬೇಕೇ ಬೇಡವೇ ಎಂಬ ಜಗಳದಲ್ಲಿ, ಬಂದರೆ ಹೇಗಿರಬೇಕು ಎಂಬ ಪ್ರಶ್ನೆ ಕಳೆದುಹೋಗುತ್ತದೆ. ಜೀವ ವಿಮೆಯ ವಿಷಯದಲ್ಲಿ ಅಮೆರಿಕ ಒಂದು ಶತಮಾನದ ಪ್ರಯೋಗ ಮಾಡಿ ನೋಡಿದೆ. ಅದರ ಪಾಠ ಸ್ಪಷ್ಟ: ವಿಮೆಯ ಹಣಕ್ಕೆ ವಿನಾಯಿತಿ ಕೊಡುವುದಾದರೆ ಮೊತ್ತವನ್ನು ನೋಡಿ ನೇರವಾಗಿ ಕೊಡಬೇಕು, ಪಾಲಿಸಿ ಯಾರ ಹೆಸರಲ್ಲಿದೆ ಎಂಬುದನ್ನು ನೋಡಿ ಕೊಡಬಾರದು.

ಅಮೆರಿಕದ ಈಗಿನ ಎಸ್ಟೇಟ್ ತೆರಿಗೆ ಹುಟ್ಟಿದ್ದು 1916ರಲ್ಲಿ. ಹೆಂಡತಿ ಅಥವಾ ಮಕ್ಕಳಿಗೆ ನೇರವಾಗಿ ಸಲ್ಲುವ ವಿಮೆಯ ಹಣದ ಬಗ್ಗೆ ಆ ಕಾನೂನು ಏನೂ ಹೇಳಿರಲಿಲ್ಲ. ಈ ಸಂದನ್ನು ತೋರಿಸಿ ವಿಮಾ ಏಜೆಂಟರು ಶ್ರೀಮಂತರಿಗೆ ಪಾಲಿಸಿ ಮಾರುತ್ತಿರುವುದು ಎರಡೇ ವರ್ಷದಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಕಣ್ಣಿಗೆ ಬಿತ್ತು. 1918ರಲ್ಲಿ ಕಾನೂನು ತಿದ್ದಿ, 40 ಸಾವಿರ ಡಾಲರ್‌ವರೆಗಿನ ವಿಮೆಯ ಹಣಕ್ಕೆ ವಿನಾಯಿತಿ, ಅದಕ್ಕಿಂತ ಹೆಚ್ಚಿನದಕ್ಕೆ ತೆರಿಗೆ ಎಂದು ಗೆರೆ ಎಳೆದರು. 1942ರಲ್ಲಿ ಆ ವಿನಾಯಿತಿಯನ್ನು ತೆಗೆದುಹಾಕಿ ಎರಡು ಪರೀಕ್ಷೆಗಳನ್ನು ತಂದರು. ಕಂತು ಕಟ್ಟಿದವರು ಯಾರು ಎಂಬುದು ಒಂದು, ಪಾಲಿಸಿಯ ಮೇಲಿನ ಹಕ್ಕು ಯಾರದು ಎಂಬುದು ಇನ್ನೊಂದು. ಯಾವುದಾದರೂ ಒಂದಕ್ಕೆ ಉತ್ತರ ‘ಸತ್ತವರು’ ಎಂದಾದರೆ ತೆರಿಗೆ ಬೀಳುತ್ತಿತ್ತು. 1954ರಲ್ಲಿ ಮೊದಲ ಪರೀಕ್ಷೆಯನ್ನು ಕೈಬಿಟ್ಟರು. ಅಂದಿನಿಂದ ಹಕ್ಕಿನ ಪ್ರಶ್ನೆಯೊಂದೇ ಉಳಿದಿದೆ.

ತೆರಿಗೆ ಸಂಹಿತೆಯ 2042ನೇ ಸೆಕ್ಷನ್ ಕೇಳುವುದು ಇಷ್ಟೆ: ನಾಮಿನಿ ಬದಲಿಸುವ, ಪಾಲಿಸಿಯನ್ನು ಒತ್ತೆ ಇಟ್ಟು ಸಾಲ ಪಡೆಯುವ, ಅದನ್ನು ರದ್ದು ಮಾಡುವ ಅಧಿಕಾರದಲ್ಲಿ ಯಾವುದಾದರೂ ಒಂದು ಸಾಯುವ ಹೊತ್ತಿಗೆ ಆ ವ್ಯಕ್ತಿಯ ಕೈಯಲ್ಲಿತ್ತೇ? ಇಲ್ಲದಿದ್ದರೆ, ಮತ್ತು ಹಣ ನೇರವಾಗಿ ಅವರ ಎಸ್ಟೇಟಿಗೆ ಸಲ್ಲದಿದ್ದರೆ, ತೆರಿಗೆಯೂ ಇಲ್ಲ. ಹಾಗಾಗಿ ವಕೀಲರು ಟ್ರಸ್ಟ್ ಕಟ್ಟಿಕೊಡುತ್ತಾರೆ, ಟ್ರಸ್ಟಿಯೇ ಪಾಲಿಸಿ ಕೊಳ್ಳುತ್ತಾರೆ, ವಿಮೆಗೆ ಒಳಪಟ್ಟವರು ವರ್ಷವರ್ಷವೂ ಕಂತಿನ ಹಣವನ್ನು ಟ್ರಸ್ಟಿಗೆ ಉಡುಗೊರೆಯಾಗಿ ಕೊಡುತ್ತಾರೆ. ಈಗಾಗಲೇ ತಮ್ಮ ಹೆಸರಲ್ಲಿರುವ ಪಾಲಿಸಿಯನ್ನು ಟ್ರಸ್ಟಿಗೆ ವರ್ಗಾಯಿಸಿ ಮೂರು ವರ್ಷದೊಳಗೆ ಸತ್ತರೆ ಮಾತ್ರ 2035ನೇ ಸೆಕ್ಷನ್ ಅದನ್ನು ಮತ್ತೆ ತೆರಿಗೆಯ ಬಲೆಗೆ ಎಳೆಯುತ್ತದೆ. ಮುಂಚೆಯೇ ಸಲಹೆ ಪಡೆದವರಿಗೆ ಆ ಭಯವೂ ಇಲ್ಲ.

ಕಂತಿಗೆಂದು ಕೊಡುವ ಹಣದ ಮೇಲೆ ಉಡುಗೊರೆ ತೆರಿಗೆ ಬೀಳಬಾರದಲ್ಲ, ಅದಕ್ಕೂ ದಾರಿ ಮಾಡಿಕೊಂಡಿದ್ದಾರೆ. ಒಬ್ಬರು ಒಬ್ಬರಿಗೆ ವರ್ಷಕ್ಕೆ 19 ಸಾವಿರ ಡಾಲರ್‌ವರೆಗೆ ಲೆಕ್ಕವಿಲ್ಲದೆ ಕೊಡಬಹುದು. ಆದರೆ ಪಡೆಯುವವರು ಅದನ್ನು ಆಗಲೇ ಬಳಸುವಂತಿರಬೇಕು. ಟ್ರಸ್ಟಿನೊಳಗೆ ಕೂಡಿಡುವ ಹಣ ಈ ಷರತ್ತಿಗೆ ಒಪ್ಪುವುದಿಲ್ಲ. ಕ್ಲಿಫರ್ಡ್ ಕ್ರಮ್ಮಿ ಎಂಬವರ ಪ್ರಕರಣದಲ್ಲಿ 1968ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು, ಹಣ ತೆಗೆಯುವ ಹಕ್ಕು ಫಲಾನುಭವಿಗೆ ಕಾನೂನಿನ ಪ್ರಕಾರ ಇದ್ದರೆ ಸಾಕು, ತೆಗೆಯಬೇಕೆಂದೇನಿಲ್ಲ ಎಂದಿತು. ಆ ಫಲಾನುಭವಿಗಳಲ್ಲಿ ಅಪ್ರಾಪ್ತ ವಯಸ್ಸಿನವರೂ ಇದ್ದರು. ಅಂದಿನಿಂದ ಟ್ರಸ್ಟಿಗಳು ವರ್ಷವರ್ಷವೂ ಫಲಾನುಭವಿಗಳಿಗೆ ಪತ್ರ ಬರೆಯುತ್ತಾರೆ: ಇಷ್ಟು ಹಣ ಬಂದಿದೆ, ಇಂಥ ದಿನದೊಳಗೆ ಬೇಕಿದ್ದರೆ ತೆಗೆದುಕೊಳ್ಳಿ. ಯಾರೂ ತೆಗೆಯುವುದಿಲ್ಲ, ತೆಗೆಯಬಾರದು ಎಂಬುದು ಎಲ್ಲರಿಗೂ ಗೊತ್ತು. ಮಕ್ಕಳು ಬದುಕಿರುವಾಗ ಪಾಲೇ ಸಿಗದ ಮೊಮ್ಮಕ್ಕಳನ್ನೂ ಈ ಎಣಿಕೆಗೆ ಸೇರಿಸಬಹುದು ಎಂದು 1991ರ ಕ್ರಿಸ್ಟೊಫಾನಿ ತೀರ್ಪು ಹೇಳಿತು. ಮೂವರು ಮಕ್ಕಳು, ಆರು ಮೊಮ್ಮಕ್ಕಳಿರುವ ದಂಪತಿ ಹೀಗೆ ವರ್ಷಕ್ಕೆ 3,42,000 ಡಾಲರ್ ಕಂತನ್ನು ಉಡುಗೊರೆ ತೆರಿಗೆಯಿಲ್ಲದೆ, ತಮ್ಮ ಜೀವಮಾನದ ವಿನಾಯಿತಿಯನ್ನೂ ಮುಟ್ಟದೆ ಟ್ರಸ್ಟಿಗೆ ಸೇರಿಸಬಹುದು. ಅಷ್ಟು ಕಂತಿಗೆ ಸಿಗುವ ವಿಮೆ ಎಷ್ಟು ದೊಡ್ಡದೆಂದು ಊಹಿಸುವುದು ಕಷ್ಟವಲ್ಲ.

ಇದನ್ನು ಸಮರ್ಥಿಸುವವರ ವಾದವನ್ನೂ ಕೇಳಬೇಕು. 1954ರಲ್ಲಿ ಕಂತಿನ ಪರೀಕ್ಷೆಯನ್ನು ತೆಗೆದವರು ಹೇಳಿದ್ದು ಹೀಗೆ: ಮಗನಿಗೆ ಷೇರು ಕೊಂಡು ಕೊಟ್ಟ ತಂದೆ ಸತ್ತಾಗ, ಆ ಷೇರನ್ನು ಕೊಂಡ ದುಡ್ಡು ತಂದೆಯದೆಂದು ಯಾರೂ ತೆರಿಗೆ ಕೇಳುವುದಿಲ್ಲ, ವಿಮೆಗೆ ಮಾತ್ರ ಬೇರೆ ನ್ಯಾಯ ಏಕೆ? ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಆದರೆ ತಂದೆ ಕೊಟ್ಟ ಷೇರಿನ ಬೆಲೆ ತಂದೆ ಸತ್ತ ಮಾತ್ರಕ್ಕೆ ಏರುವುದಿಲ್ಲ. ವಿಮೆ ಪೂರ್ಣ ಬೆಲೆ ಪಡೆಯುವುದು ಸಾವಿನಿಂದಲೇ. ಒಂದೆರಡು ಕಂತಿನ ಪಾಲಿಸಿ ಕೂಡ ಮರಣದ ದಿನ ಕೋಟಿಗಳಾಗಬಹುದು. ಬದುಕಿರುವಾಗ ಕೊಡುವ ಉಡುಗೊರೆಗಿಂತ ಇದು ಉಯಿಲಿಗೆ ಹತ್ತಿರದ್ದು. ಸಾವಿನ ಮೂಲಕ ಆಗುವ ಆಸ್ತಿ ವರ್ಗಾವಣೆಗೆ ತೆರಿಗೆ ಹಾಕುವ ಕಾನೂನು, ಸಾವಿನಿಂದಲೇ ಬೆಲೆ ಪಡೆಯುವ ಆಸ್ತಿಯನ್ನು ಹೊರಗಿಡುವುದು ತನ್ನ ಉದ್ದೇಶವನ್ನು ತಾನೇ ಮುರಿದಂತೆ.

ಇನ್ನೊಂದು ಮಾತೂ ಇದೆ: 1.5 ಕೋಟಿ ಡಾಲರ್ ಮೀರುವವರು ಎಷ್ಟು ಮಂದಿ, ಇದು ಕೆಲವೇ ಸಿರಿವಂತರ ಗೊಡವೆ. ಫೆಡರಲ್ ತೆರಿಗೆಗೆ ಈ ಮಾತು ನಿಜ, ರಾಜ್ಯಗಳಿಗೆ ಅಲ್ಲ. ಹಲವು ರಾಜ್ಯಗಳಿಗೆ ತಮ್ಮದೇ ಎಸ್ಟೇಟ್ ತೆರಿಗೆ ಇದೆ. ಮಿತಿ ಮ್ಯಾಸಚೂಸೆಟ್ಸ್‌ನಲ್ಲಿ 20 ಲಕ್ಷ ಡಾಲರ್, ಒರೆಗಾನ್‌ನಲ್ಲಿ ಬರೀ 10 ಲಕ್ಷ. ಬಾಸ್ಟನ್ ಸುತ್ತ ನೆಲೆಸಿರುವ ಕನ್ನಡಿಗ ಎಂಜಿನಿಯರ್ ಕುಟುಂಬವೊಂದನ್ನು ನೆನೆಯಿರಿ. 9 ಲಕ್ಷದ ಮನೆ, ನಿವೃತ್ತಿ ಖಾತೆಯಲ್ಲಿ 7 ಲಕ್ಷ, ಮಕ್ಕಳ ಓದಿಗೆಂದು ಮಾಡಿಸಿದ 10 ಲಕ್ಷದ ಟರ್ಮ್ ಪಾಲಿಸಿ. ಒಂಟಿ ಪೋಷಕರಾಗಿ ಉಳಿದವರು ತೀರಿಕೊಂಡರೆ ಲೆಕ್ಕ 26 ಲಕ್ಷಕ್ಕೆ ಹೋಗಿ ಮಿತಿ ದಾಟುತ್ತದೆ. ಕೆಲಸ ಕೊಟ್ಟ ಕಂಪನಿ ಮಾಡಿಸಿದ ಗುಂಪು ವಿಮೆಯೂ, ನಾಮಿನಿ ಬದಲಿಸುವ ಹಕ್ಕು ನೌಕರರ ಕೈಯಲ್ಲಿದ್ದರೆ, ಇದಕ್ಕೆ ಸೇರುತ್ತದೆ. ಇಂಥ ಕುಟುಂಬ ವಕೀಲರಿಗೆ ಸಾವಿರಾರು ಡಾಲರ್ ಕೊಟ್ಟು ಟ್ರಸ್ಟ್ ಮಾಡಿಸುವುದಿಲ್ಲ. ಬೇಕೆಂಬುದೂ ಅವರಿಗೆ ತಿಳಿದಿರುವುದಿಲ್ಲ. ಹಲವು ಕೋಟಿಯ ಒಡೆಯರ ವಿಮೆ ತೆರಿಗೆಯಿಂದ ಪಾರಾಗುತ್ತದೆ, ಅನಾಥ ಮಕ್ಕಳ ಕೈ ಸೇರಬೇಕಾದ ಟರ್ಮ್ ಪಾಲಿಸಿ ತೆರಿಗೆಗೆ ಸಿಗುತ್ತದೆ. ಈ ಅನ್ಯಾಯಕ್ಕೆ ತೆರಿಗೆಯ ದರ ಕಾರಣವಲ್ಲ. ಹೆಸರನ್ನು ನೋಡುವ ಪರೀಕ್ಷೆಯೇ ಕಾರಣ.

ಟ್ರಸ್ಟಿಲ್ಲದೆ ವಿನಾಯಿತಿ ಕೊಡಲು ಬರುವುದಿಲ್ಲವೇ ಎಂದರೆ, ಅದೇ ಅಮೆರಿಕ ಕೊಟ್ಟಿದೆ. ಬೆಂಗಳೂರಿನಲ್ಲಿ ನೆಲೆಸಿ, ಅಮೆರಿಕದ ಕಂಪನಿಯ ಷೇರುಗಳನ್ನು ಸಂಬಳದ ಭಾಗವಾಗಿ ಪಡೆದ ಭಾರತೀಯ ಉದ್ಯೋಗಿ ತೀರಿಕೊಂಡರೆ, 60 ಸಾವಿರ ಡಾಲರ್ ಮೀರಿದ ಅಲ್ಲಿನ ಆಸ್ತಿಗೆ ಅಲ್ಲಿನ ಎಸ್ಟೇಟ್ ತೆರಿಗೆ ಅನ್ವಯಿಸುತ್ತದೆ. ಈ ತೆರಿಗೆಯ ಕುರಿತು ಎರಡೂ ದೇಶಗಳ ನಡುವೆ ಒಪ್ಪಂದವಿಲ್ಲ. ಆದರೆ ಅದೇ ವ್ಯಕ್ತಿ ತನ್ನ ಜೀವದ ಮೇಲೆ ಅಮೆರಿಕದ ವಿಮಾ ಕಂಪನಿಯಲ್ಲಿ ಪಾಲಿಸಿ ಮಾಡಿಸಿದ್ದರೆ, ಆ ಹಣ ಅಲ್ಲಿನ ಆಸ್ತಿಯೇ ಅಲ್ಲ ಎಂದು 2105ನೇ ಸೆಕ್ಷನ್ ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಟ್ರಸ್ಟ್ ಬೇಡ, ಪತ್ರ ಬೇಡ, ವಕೀಲರೂ ಬೇಡ. ಹೊರಗಿನವರಿಗೆ ಇಷ್ಟು ಸರಳವಾಗಿ ಕೊಟ್ಟದ್ದನ್ನು ತನ್ನಲ್ಲೇ ನೆಲೆಸಿದವರಿಗೆ ಒಂದು ಮಿತಿಯೊಳಗೆ ಕೊಡಲು ಅಡ್ಡಿ ಏನು?

ಈಗ ನಮ್ಮ ಕಡೆಗೆ. ಭಾರತದಲ್ಲಿ 1953ರಿಂದ ಎಸ್ಟೇಟ್ ಡ್ಯೂಟಿ ಇತ್ತು. 20 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಅದರ ದರ ಶೇ 85ರವರೆಗೂ ಏರಿತ್ತು. ವಸೂಲಿಯ ಖರ್ಚಿಗೆ ಹೋಲಿಸಿದರೆ ಆದಾಯ ಅತ್ಯಲ್ಪ ಎಂಬ ಕಾರಣ ಕೊಟ್ಟು 1985ರ ಮಾರ್ಚ್‌ನಲ್ಲಿ ಹಣಕಾಸು ಸಚಿವ ವಿ.ಪಿ. ಸಿಂಗ್ ಅದನ್ನು ರದ್ದುಪಡಿಸಿದರು. ಆ ಕಾಯ್ದೆಯಲ್ಲಿ ದೋಷಗಳು ಬಹಳ ಇದ್ದವು, ಆದರೆ ವಿಮೆಯ ವಿಷಯದಲ್ಲಿ ಅದು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿತ್ತು. ಬೇರೆಯವರ ಹಿತಕ್ಕಾಗಿ ಸತ್ತವರು ತಾವೇ ಕಂತು ಕಟ್ಟಿಕೊಂಡು ಬಂದಿದ್ದ ಪಾಲಿಸಿಯ ಹಣ ಸಾವಿನಿಂದಲೇ ವರ್ಗಾವಣೆಯಾಯಿತು ಎಂದು ಅದರ 14ನೇ ಸೆಕ್ಷನ್ ಪರಿಗಣಿಸುತ್ತಿತ್ತು. ಅಮೆರಿಕ ಕೈಬಿಡಲಿದ್ದ ಪರೀಕ್ಷೆಯನ್ನು ಭಾರತ ಕೈಗೆತ್ತಿಕೊಂಡಿತ್ತು.

ಟ್ರಸ್ಟ್ ಎಂಬುದೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಸೆಕ್ಷನ್ ಈ ದೇಶ ಪಡೆದ ಒಳ್ಳೆಯ ಕಾನೂನುಗಳಲ್ಲಿ ಒಂದು. ಗಂಡ ತನ್ನ ಜೀವದ ಮೇಲೆ ಹೆಂಡತಿ ಮತ್ತು ಮಕ್ಕಳ ಹಿತಕ್ಕೆಂದು ಪಾಲಿಸಿಯಲ್ಲೇ ಬರೆಸಿದರೆ ಅದು ತಾನಾಗಿಯೇ ಟ್ರಸ್ಟ್ ಆಗುತ್ತದೆ. ಗಂಡನಿಗೆ ಸಾಲ ಕೊಟ್ಟವರು ಸಾಮಾನ್ಯವಾಗಿ ಅದನ್ನು ಮುಟ್ಟುವಂತಿಲ್ಲ, ಅದು ಅವನ ಎಸ್ಟೇಟಿಗೂ ಸೇರುವುದಿಲ್ಲ. 1923ರ ತಿದ್ದುಪಡಿಯ ನಂತರ ಹಿಂದೂ, ಮುಸ್ಲಿಂ ಕುಟುಂಬಗಳಿಗೂ ಈ ರಕ್ಷಣೆ ಸ್ಪಷ್ಟವಾಗಿ ದಕ್ಕಿತು. ಪಾಲಿಸಿ ಕೊಳ್ಳುವಾಗಲೇ ಅರ್ಜಿಯ ಜೊತೆ ಒಂದು ಅನುಬಂಧಕ್ಕೆ ಸಹಿ ಹಾಕಿದರೆ ಸಾಕು. ವ್ಯಾಪಾರದಲ್ಲಿ ಸಾಲ ಮಾಡಿಕೊಂಡಿರುವ ನಮ್ಮ ಸಣ್ಣ ಉದ್ಯಮಿಗಳು, ಗುತ್ತಿಗೆದಾರರು ತಪ್ಪದೆ ಬಳಸಬೇಕಾದ ಅವಕಾಶ ಇದು. ಆದರೆ ಬಹಳ ಮಂದಿಗೆ ಏಜೆಂಟರು ಹೇಳಿಕೊಡುವುದೇ ಇಲ್ಲ. ಸಾಲ ಕೊಟ್ಟವರಿಂದ ವಿಧವೆಯನ್ನು ಕಾಯುವ ಈ ಟ್ರಸ್ಟಿನ ಕೆಲಸ ಪವಿತ್ರವಾದದ್ದು. ತೆರಿಗೆಯಿಂದ ಕೋಟ್ಯಧಿಪತಿಯನ್ನು ಕಾಯುವ ಕೆಲಸವನ್ನೂ ಅದರ ತಲೆಗೆ ಕಟ್ಟಿದರೆ ಮೊದಲನೆಯದರ ಮೇಲೂ ಜನರ ನಂಬಿಕೆ ಹೋಗುತ್ತದೆ.

ಆದ್ದರಿಂದ ಉತ್ತರಾಧಿಕಾರ ತೆರಿಗೆ ಎಂದಾದರೂ ಮರಳಿ ಬಂದರೆ ಮೂರು ಅಂಶಗಳು ಮೊದಲ ಕರಡಿನಲ್ಲೇ ಇರಬೇಕು. ಸತ್ತವರ ವಾರ್ಷಿಕ ಆದಾಯದ ನಿರ್ದಿಷ್ಟ ಪಟ್ಟಿನವರೆಗೆ ವಿಮೆಯ ಹಣ ಪೂರ್ತಿ ತೆರಿಗೆಮುಕ್ತವಾಗಿರಬೇಕು. ಟರ್ಮ್ ಪಾಲಿಸಿ ಕೊಡುವಾಗ ಕಂಪನಿಗಳು ನೋಡುವುದೂ ಆದಾಯದ ಪಟ್ಟನ್ನೇ. ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಕಂತು ಯಾರ ದುಡ್ಡಿನದು ಎಂಬುದೇ ಪರೀಕ್ಷೆಯಾಗಬೇಕು, ಪಾಲಿಸಿ ಟ್ರಸ್ಟಿನಲ್ಲಿರಲಿ, ಮಗನ ಹೆಸರಲ್ಲಿರಲಿ. ಸಾಲ ಕೊಟ್ಟವರ ವಿರುದ್ಧ ಸಿಗುವ 1874ರ ರಕ್ಷಣೆ ಯಾವ ಮಿತಿಯೂ ಇಲ್ಲದೆ ಹಾಗೆಯೇ ಮುಂದುವರಿಯಬೇಕು. ಮೊತ್ತದ ಮಿತಿ ನಮಗೆ ಹೊಸದಲ್ಲ. 2023ರ ಏಪ್ರಿಲ್ 1ರಂದು ಅಥವಾ ಆ ನಂತರ ಕೊಂಡ ಪಾಲಿಸಿಗಳ ವಾರ್ಷಿಕ ಕಂತು ಒಟ್ಟು 5 ಲಕ್ಷ ರೂಪಾಯಿ ಮೀರಿದರೆ ಅವಧಿ ಮುಗಿದಾಗ ಬರುವ ಹಣಕ್ಕೆ ಆದಾಯ ತೆರಿಗೆಯ ವಿನಾಯಿತಿ ಇಲ್ಲ. ಸಾವಿನ ನಂತರ ಬರುವ ಹಣಕ್ಕೆ ವಿನಾಯಿತಿ ಇದೆ. ರಕ್ಷಣೆ ಬೇರೆ, ಹೂಡಿಕೆ ಬೇರೆ ಎಂಬ ವಿವೇಕ ಅದರಲ್ಲಿದೆ.

ಮೊದಲ ಕರಡಿನಲ್ಲೇ ಇರಬೇಕು ಎನ್ನುವುದಕ್ಕೆ ಕಾರಣವಿದೆ. ಟ್ರಸ್ಟುಗಳಿಗೆ ಕೊಡುವಂಥ ಉಡುಗೊರೆಗಳ ವಿನಾಯಿತಿಗೆ, ಫಲಾನುಭವಿಗಳು ಎಷ್ಟೇ ಇರಲಿ, ಕೊಡುವವರೊಬ್ಬರಿಗೆ ವರ್ಷಕ್ಕೆ 50 ಸಾವಿರ ಡಾಲರ್ ಮಿತಿ ಹಾಕಬೇಕೆಂದು ಒಬಾಮ ಆಡಳಿತ ತನ್ನ ಬಜೆಟ್ ಪ್ರಸ್ತಾವಗಳಲ್ಲಿ ಕೇಳಿತ್ತು. ಅದು ಕಾನೂನಾಗಲಿಲ್ಲ. ಅಷ್ಟರಲ್ಲಿ ವಿಮಾ ಕಂಪನಿಗಳು, ಟ್ರಸ್ಟ್ ವಕೀಲರು, ಸಂಪತ್ತು ನಿರ್ವಹಣೆಯ ಸಂಸ್ಥೆಗಳು ಆ ಸಂದಿನ ಸುತ್ತಲೇ ತಮ್ಮ ವಹಿವಾಟು ಬೆಳೆಸಿಕೊಂಡಿದ್ದವು. ಒಮ್ಮೆ ಬಿಟ್ಟ ಸಂದನ್ನು ಮುಚ್ಚುವುದು ಎಷ್ಟು ಕಷ್ಟವೆಂದು 1954ರಿಂದ ಇಂದಿನವರೆಗಿನ ಅಮೆರಿಕದ ಅನುಭವ ತೋರಿಸುತ್ತದೆ. ನಮ್ಮಲ್ಲಿ ಈ ತೆರಿಗೆ ಇಂದು ಇಲ್ಲ, ಹಾಗಾಗಿ ಅದರ ಸಂದನ್ನು ಕಾಯುವ ಹಿತಾಸಕ್ತಿಗಳೂ ಹುಟ್ಟಿಲ್ಲ. ನಿಯಮವನ್ನು ನ್ಯಾಯವಾಗಿ ಬರೆಯಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು.