ಕಳೆದ ಕ್ರಿಪ್ಟೊ ಹುಡುಕಿಕೊಡುತ್ತೇವೆ ಎನ್ನುವವರು ಬರುತ್ತಿದ್ದಾರೆ

ಕ್ರಿಪ್ಟೊ ಹಣ ಕಳೆದುಕೊಂಡವರನ್ನು ಹುಡುಕಿಕೊಂಡು ಹೋಗಿ, ‘ವಾಪಸ್ ತರಿಸಿಕೊಡುತ್ತೇವೆ’ ಎಂದು ನಂಬಿಸಿ ಮತ್ತೊಮ್ಮೆ ದೋಚುವ ದಂಧೆಯೊಂದು ಹೊರದೇಶಗಳಲ್ಲಿ ಬೇರೂರಿದೆ. ಅಮೆರಿಕದ ಎಫ್‌ಬಿಐ 2023ರ ಆಗಸ್ಟ್‌ನಲ್ಲೇ ಇದರ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಮರುವರ್ಷ, ವಕೀಲರ ಸೋಗು ಹಾಕಿ ಬರುವವರ ಬಗ್ಗೆ ಇನ್ನೊಂದು. ನಮ್ಮಲ್ಲಿ ಇದು ಇನ್ನೂ ದೊಡ್ಡ ಸುದ್ದಿಯಾಗಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೇ ಸೈಬರ್ ವಂಚನೆಯ ವಿಷಯದಲ್ಲಿ ನಮ್ಮ ರೂಢಿಯಾಗಿರುವುದರಿಂದ, ಈಗಲೇ ಹೇಳಬೇಕಾಗಿದೆ.

ಈಗಲೇ ಏಕೆ? ದೇಶದ ಮೊದಮೊದಲ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳಲ್ಲೊಂದಾದ ಯುನೊಕಾಯಿನ್ 2013ರಲ್ಲಿ ಹುಟ್ಟಿದ್ದು ಕರ್ನಾಟಕದಲ್ಲೇ. ಅಂದಿನಿಂದ ಕುತೂಹಲಕ್ಕೆಂದು ಐನೂರು, ಸಾವಿರ ಹಾಕಿ ಮರೆತವರು ನಮ್ಮ ನಡುವೆ ಕಡಿಮೆಯಿಲ್ಲ. 2024ರ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ಮೊದಲ ಬಾರಿ ಒಂದು ಲಕ್ಷ ಡಾಲರ್ ದಾಟಿತು. ಬೆಲೆ ಹೀಗೆ ಏರಿದಾಗಲೆಲ್ಲ ಹಳೆಯ ಲ್ಯಾಪ್‌ಟಾಪ್, ಹಳೆಯ ಡೈರಿ ಹೊರಗೆ ಬರುತ್ತವೆ. ಪಾಸ್‌ವರ್ಡ್ ನೆನಪಾಗುವುದಿಲ್ಲ. ಸಂಕಟ ಶುರುವಾಗುವುದು ಅಲ್ಲಿ. ವಂಚಕ ಕಾದು ಕೂತಿರುವುದೂ ಅಲ್ಲಿಯೇ.

ಹಾಗೆಂದು ಕಳೆದದ್ದೆಲ್ಲ ಕಳೆದೇ ಹೋಯಿತು ಎನ್ನುವುದೂ ಸರಿಯಲ್ಲ. ಕೆಲವೊಮ್ಮೆ ಮರಳಿ ಸಿಗುತ್ತದೆ ಎಂಬ ಈ ಅರ್ಧ ಸತ್ಯವೇ ವಂಚಕನಿಗೆ ಬಂಡವಾಳ. ಕ್ರಿಪ್ಟೊ ಇಡುವ ಹೆಚ್ಚಿನ ವಾಲೆಟ್‌ಗಳ ಕೀಲಿ 12 ಇಂಗ್ಲಿಷ್ ಪದಗಳ ಒಂದು ಸಾಲು. ಅವು 2048 ಪದಗಳ ನಿಗದಿತ ಪಟ್ಟಿಯಿಂದ ಬಂದವು. ಬರೆದಿಟ್ಟ ಚೀಟಿಗೆ ನೀರು ಬಿದ್ದು ಒಂದು ಪದ ಅಳಿಸಿದೆ ಎಂದುಕೊಳ್ಳಿ. ಅದು ಎಷ್ಟನೆಯದು ಎಂದು ಗೊತ್ತಿದ್ದರೆ ಹೆಚ್ಚೆಂದರೆ 2048 ಸಲ ಪರೀಕ್ಷಿಸಿದರಾಯಿತು, ಕಂಪ್ಯೂಟರಿಗೆ ಅದು ಕೆಲಸವೇ ಅಲ್ಲ. ಪದದ ಮೊದಲ ನಾಲ್ಕು ಅಕ್ಷರ ಓದಲು ಬಂದರೆ ಅಷ್ಟೂ ಬೇಡ, ಪಟ್ಟಿಯಲ್ಲಿ ಅದೇ ನಾಲ್ಕು ಅಕ್ಷರಗಳಿಂದ ಶುರುವಾಗುವ ಇನ್ನೊಂದು ಪದ ಇಲ್ಲ. ಹನ್ನೆರಡೂ ಇದ್ದು ಕ್ರಮ ಕಲಸಿಹೋಗಿದ್ದರೆ ಸುಮಾರು 47.9 ಕೋಟಿ ಸಾಧ್ಯತೆಗಳು. ಅದೂ ಆಗದ ಮಾತಲ್ಲ. ಆದರೆ ಹನ್ನೆರಡೂ ಕಳೆದು, ವಾಲೆಟ್ ಇದ್ದ ಸಾಧನವೂ ಕೈಬಿಟ್ಟಿದ್ದರೆ, ಜಗತ್ತಿನ ಕಂಪ್ಯೂಟರ್‌ಗಳನ್ನೆಲ್ಲ ಒಟ್ಟು ಹಾಕಿದರೂ ಆಗುವುದಿಲ್ಲ.

ತಪ್ಪಾಗಿ ಕಳಿಸಿದ ಹಣದ ಲೆಕ್ಕ ಬೇರೆ. ಯುಎಸ್‌ಡಿಟಿಯಂಥ ಟೋಕನ್ ಈಥೀರಿಯಂ ಜಾಲದಲ್ಲೂ ಇದೆ, ಬಿಎನ್‌ಬಿ ಜಾಲದಲ್ಲೂ ಇದೆ; ಎರಡರಲ್ಲೂ ವಿಳಾಸದ ರೂಪ ಒಂದೇ. ತಪ್ಪು ಜಾಲದಲ್ಲಿ ನಿಮ್ಮದೇ ವಾಲೆಟ್‌ಗೆ ಕಳಿಸಿದ್ದರೆ ಹಣ ಎಲ್ಲೂ ಹೋಗಿರುವುದಿಲ್ಲ, ಆ ಜಾಲವನ್ನು ವಾಲೆಟ್‌ಗೆ ಸೇರಿಸಿಕೊಂಡರೆ ಕಾಣಿಸುತ್ತದೆ. ಎಕ್ಸ್‌ಚೇಂಜ್‌ನ ವಿಳಾಸಕ್ಕೆ ಹೋಗಿದ್ದರೆ ಕೀಲಿ ಅವರ ಬಳಿ, ಅವರು ಮನಸ್ಸು ಮಾಡಬೇಕು. ಅಪರಿಚಿತರಿಗೆ ಹೋಗಿದ್ದರೆ ಅವರ ಒಳ್ಳೆಯತನವೇ ಗತಿ. ಒಮ್ಮೊಮ್ಮೆ ಅದೂ ಕೈಹಿಡಿಯುತ್ತದೆ: 2023ರ ಸೆಪ್ಟೆಂಬರ್‌ನಲ್ಲಿ ಪ್ಯಾಕ್ಸೋಸ್ ಎಂಬ ಕ್ರಿಪ್ಟೊ ಕಂಪನಿ ಸುಮಾರು 2,000 ಡಾಲರ್ ವರ್ಗಾಯಿಸಲು ಸುಮಾರು 5 ಲಕ್ಷ ಡಾಲರ್ ಶುಲ್ಕ ತೆತ್ತಾಗ, ಅದನ್ನು ಪಡೆದ ಎಫ್‌2ಪೂಲ್ ಎಂಬ ಬಿಟ್‌ಕಾಯಿನ್ ಗಣಿಗಾರರ ಕೂಟ ಹಿಂದಿರುಗಿಸಿತು. ಅಷ್ಟು ದೊಡ್ಡ ಕಂಪನಿಯ ಅದೃಷ್ಟ ನಮ್ಮ ನಿಮ್ಮದಾಗಬೇಕೆಂದೇನಿಲ್ಲ.

ನಿಜವಾಗಿ ಮರಳಿ ಸಿಕ್ಕ ಪ್ರಕರಣಗಳನ್ನು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಅಮೆರಿಕದ ಹಾರ್ಡ್‌ವೇರ್ ತಜ್ಞ ಜೋ ಗ್ರಾಂಡ್ ಮತ್ತು ಅವರ ಸಂಗಡಿಗ 2013ರಲ್ಲಿ ಬೀಗ ಬಿದ್ದ 43.6 ಬಿಟ್‌ಕಾಯಿನ್ ಬಿಡಿಸಿದರು. ಪಾಸ್‌ವರ್ಡ್ ಹೆಣೆದುಕೊಟ್ಟಿದ್ದ ತಂತ್ರಾಂಶದ ಹಳೆಯ ಆವೃತ್ತಿ ಕಂಪ್ಯೂಟರಿನ ದಿನಾಂಕ, ಸಮಯವನ್ನು ಆಧರಿಸಿ ಅಕ್ಷರಗಳನ್ನು ಆರಿಸುತ್ತಿತ್ತು. ಇವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಅದೇ ಪಾಸ್‌ವರ್ಡ್ ಮತ್ತೆ ಹುಟ್ಟುವಂತೆ ಮಾಡಿದರು. ಮಾಲೀಕನ ಬಳಿ ಬೀಗ ಹಾಕಿದ ಕಡತವಂತೂ ಇತ್ತು. ಇದಕ್ಕೆ ಎದುರಾಗಿ, ವೇಲ್ಸ್‌ನ ಜೇಮ್ಸ್ ಹೊವೆಲ್ಸ್ ಅವರ ಸುಮಾರು 8,000 ಬಿಟ್‌ಕಾಯಿನ್‌ಗಳ ಹಾರ್ಡ್‌ಡಿಸ್ಕ್ 2013ರಲ್ಲಿ ನ್ಯೂಪೋರ್ಟ್‌ನ ಕಸದ ಗುಡ್ಡ ಸೇರಿತು. ಅಗೆಯಲು ಅನುಮತಿ ಕೋರಿದ ಅವರ ದಾವೆಯನ್ನು ಹೈಕೋರ್ಟ್ 2025ರ ಜನವರಿಯಲ್ಲಿ ತಳ್ಳಿಹಾಕಿತು. ಕೈಯಲ್ಲಿ ಏನೋ ಒಂದು ಉಳಿದವರಿಗೆ ದಾರಿಯಿದೆ, ಏನೂ ಇಲ್ಲದವರಿಗೆ ಇಲ್ಲ. ಏನೂ ಇಲ್ಲದೆಯೂ ‘ಬ್ಲಾಕ್‌ಚೈನ್‌ನಿಂದ ಹಿಂದಕ್ಕೆ ಎಳೆದು ಕೊಡುತ್ತೇವೆ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ದೃಢಪಟ್ಟ ವಹಿವಾಟನ್ನು ರದ್ದು ಮಾಡುವ ಮ್ಯಾನೇಜರ್ ಅಲ್ಲಿ ಯಾರೂ ಇಲ್ಲ.

ಈ ದಂಧೆಯ ವರಸೆ ಹೀಗಿರುತ್ತದೆ. ಮೊದಲು ಒಂದು ನಕಲಿ ಪುಟ ತೋರಿಸುತ್ತಾರೆ, ಅದರಲ್ಲಿ ನಿಮ್ಮ ಹಣ ‘ಪತ್ತೆಯಾಗಿ’ ಕೂತಿರುತ್ತದೆ. ಆಮೇಲೆ ಪ್ರಕ್ರಿಯೆ ಶುಲ್ಕ, ‘ಗ್ಯಾಸ್’ ಎಂಬ ಜಾಲದ ವಹಿವಾಟು ಶುಲ್ಕ ಕೇಳುತ್ತಾರೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಅಸ್ತ್ರ ಸಿದ್ಧವಾಗಿಯೇ ಇದೆ ಎಂಬುದು ನಮ್ಮ ಆತಂಕ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಇದೆ, ಅದು ಬಹುತೇಕರಿಗೆ ಗೊತ್ತು. ‘ಮೊದಲು ಶೇ 30 ಕಟ್ಟಿ, ಆಮೇಲೆ ಬಿಡುಗಡೆ’ ಎಂದರೆ ಓದಿದವರೂ ನಂಬುತ್ತಾರೆ. ಆದಾಯ ತೆರಿಗೆಯನ್ನು ಸರ್ಕಾರಕ್ಕೆ ನೇರವಾಗಿ ಕಟ್ಟುತ್ತೇವೆ, ಯಾರದೋ ಯುಪಿಐ ಐಡಿಗೆ ಅಲ್ಲ.

ಇನ್ನು ಆಳುವವರ ಹೊಣೆ. ಯುಪಿಐನಲ್ಲಿ ತಪ್ಪು ಖಾತೆಗೆ ಹಣ ಹೋದರೆ ಬ್ಯಾಂಕಿನಿಂದ ಹಿಡಿದು ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ವರೆಗೆ ದೂರು ಹೇಳಲು ಮೆಟ್ಟಿಲುಗಳಿವೆ. ಕ್ರಿಪ್ಟೊಗೆ ಅಂಥದ್ದಿಲ್ಲ. 2023ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್‌ಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದದ್ದು ಕಪ್ಪುಹಣದ ಮೇಲೆ ಕಣ್ಣಿಡಲು, ಹಣ ಕೈತಪ್ಪಿದ ಗ್ರಾಹಕನಿಗೆ ನೆರವಾಗಲು ಅಲ್ಲ. ಕ್ರಿಪ್ಟೊ ಆಸ್ತಿಯೇ ಎಂದು ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಲಾಭಕ್ಕೆ ತೆರಿಗೆ ಎತ್ತುವ ಸರ್ಕಾರ ಆ ಆಸ್ತಿಯ ಮಾಲೀಕನಿಗೆ ದೂರು ಹೇಳಿಕೊಳ್ಳಲು ಒಂದು ಕಿಟಕಿಯನ್ನಾದರೂ ತೆರೆಯಬೇಡವೇ? ನೋಂದಾಯಿತ ಎಕ್ಸ್‌ಚೇಂಜ್‌ಗಳು ಯಾವ ತಪ್ಪನ್ನು ಸರಿಪಡಿಸುತ್ತವೆ, ಎಷ್ಟು ಶುಲ್ಕಕ್ಕೆ, ಎಷ್ಟು ದಿನದಲ್ಲಿ ಎಂಬುದನ್ನು ಕನ್ನಡದಲ್ಲೂ ಪ್ರಕಟಿಸುವಂತೆ ಕೇಂದ್ರ ಕಡ್ಡಾಯ ಮಾಡಲಿ. ರಾಜ್ಯದ ಸೈಬರ್ ಅಪರಾಧ ಠಾಣೆಗಳು ‘ಮರಳಿ ಕೊಡಿಸುವ’ ಹೆಸರಿನ ವಂಚನೆಯನ್ನು ಪ್ರತ್ಯೇಕವಾಗಿ ದಾಖಲಿಸಲಿ. ಲೆಕ್ಕವೇ ಇಲ್ಲದಿದ್ದರೆ ಪಿಡುಗು ಎಷ್ಟು ಬೆಳೆದಿದೆ ಎಂದು ತಿಳಿಯುವುದು ಹೇಗೆ?

ಓದುಗರಲ್ಲಿ ಒಂದು ಕೋರಿಕೆ. ಆ 12 ಪದಗಳನ್ನು ಯಾರು ಕೇಳಿದರೂ ಕೊಡಬೇಡಿ, ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕದೆ ಎಕ್ಸ್‌ಚೇಂಜ್‌ನ ಆ್ಯಪ್ ಒಳಗಿನಿಂದಲೇ ದೂರು ಕೊಡಿ. ಇಂಥವರಿಗೆ ಈಗಾಗಲೇ ಹಣ ಹಾಕಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೋದದ್ದು ಬ್ಯಾಂಕ್ ಖಾತೆಯ ರೂಪಾಯಿಯಾದರೆ, ಬೇಗ ತಿಳಿಸಿದಷ್ಟೂ ಅದನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.