ಮೊದಲ ವಿಮಾನ ಚೆಂದ ಇರಬೇಕಾಗಿಲ್ಲ ಸ್ವಾಮಿ!

ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನ ಬಂದುಹೋಗತೊಡಗಿತು. ಅಲ್ಲಿಂದೀಚೆಗೆ ಶಿವಮೊಗ್ಗದ ಹುಡುಗರ ಕತ್ತು ಮೇಲಕ್ಕೇ ತಿರುಗಿದೆ. ಹುಟ್ಟುಹಬ್ಬಕ್ಕೆ ಸೈಕಲ್ ಕೇಳುತ್ತಿದ್ದವರು ಈಗ ರಿಮೋಟ್ ವಿಮಾನ ಕೇಳುತ್ತಾರೆ. ಕೇಳಲಿ. ಮೊಬೈಲಿನಲ್ಲಿ ಮುಖ ಹುಗಿದು ಕೂರುವುದಕ್ಕಿಂತ ಬಯಲಲ್ಲಿ ನಿಂತು ಆಕಾಶ ನೋಡುವುದು ಸಾವಿರ ಪಾಲು ವಾಸಿ.

ಯಡವಟ್ಟಾಗುವುದು ಕೊಳ್ಳುವಾಗ. ಅಪ್ಪನಿಗೆ ಗೊತ್ತಿಲ್ಲ, ಮಗನಿಗೆ ಅವಸರ, ಅಂಗಡಿಯವನಿಗೆ ಮಾಲು ಖಾಲಿಯಾಗಬೇಕು. ಹುಡುಗ ಬೆರಳು ತೋರಿಸುವುದು ಯಾವುದಕ್ಕೆ? ಮಿಲಿಟರಿ ಬಣ್ಣದ, ಚೂಪು ಮೂತಿಯ ಫೈಟರ್ ವಿಮಾನಕ್ಕೆ. ಹದಿನೈದು ಸಾವಿರವೋ ಇಪ್ಪತ್ತು ಸಾವಿರವೋ ಎಣಿಸಿ ಕೊಟ್ಟು ತಂದು, ಭಾನುವಾರ ಬಯಲಿಗೆ ಒಯ್ದು ಎಸೆದರೆ ಹತ್ತು ಸೆಕೆಂಡಿನಲ್ಲಿ ಮೂತಿ ಮಣ್ಣಲ್ಲಿ. ಅಪ್ಪ ಬೈಯುತ್ತಾನೆ, ಮಗ ಅಳು ನುಂಗುತ್ತಾನೆ, ಉಳಿದ ಚೂರು ಅಟ್ಟ ಸೇರುತ್ತದೆ. ದುಡ್ಡಂತೂ ಹೋಯಿತು ಅನ್ನಿ. ಆದರೆ ಆ ಹುಡುಗ ಇನ್ನು ಜನ್ಮದಲ್ಲಿ ಆ ಕಡೆ ತಲೆ ಹಾಕುವುದಿಲ್ಲವಲ್ಲ, ಅದರ ಲೆಕ್ಕ ಕೊಡುವವರು ಯಾರು?

ತಪ್ಪು ಹುಡುಗನದಲ್ಲ. ಆ ವಿಮಾನ ಇದ್ದದ್ದೇ ಹಾಗೆ. ಫೈಟರ್ ಮಾದರಿಯ ರೆಕ್ಕೆ ಚಿಕ್ಕದು, ಮೈಭಾರ ಜಾಸ್ತಿ. ವೇಗ ಇದ್ದರೆ ಮಾತ್ರ ಗಾಳಿಯಲ್ಲಿ ನಿಲ್ಲುತ್ತದೆ. ವೇಗ ತಗ್ಗಿತೋ, ಒಂದು ರೆಕ್ಕೆ ಹೇಳದೆ ಕೇಳದೆ ಕುಸಿಯುತ್ತದೆ. ವೇಗವಾಗಿಯೇ ಬಿಟ್ಟರೆ ಕಲಿಯುವವನ ತಲೆ ಓಡುವುದರೊಳಗೆ ಅದು ಪಕ್ಕದ ತೋಟ ಸೇರಿರುತ್ತದೆ.

ಮೊದಲ ವಿಮಾನ ಹೇಗಿರಬೇಕು ಅಂದರೆ, ನೋಡಲು ಪೆದ್ದಾಗಿರಬೇಕು. ರೆಕ್ಕೆ ಬೆನ್ನ ಮೇಲೆ ಕೂತಿರಬೇಕು. ಅದರ ಎರಡೂ ತುದಿ ಕೊಂಚ ಮೇಲಕ್ಕೆ ಎತ್ತಿರಬೇಕು, ಇಂಗ್ಲಿಷಿನ ‘ವಿ’ ಅಕ್ಷರದ ಮೇಲೆ ಯಾರೋ ಕೂತು ಅಗಲ ಮಾಡಿದ ಹಾಗೆ. ವಿಮಾನ ಒಂದು ಕಡೆಗೆ ವಾಲಿ ಜಾರಿದರೆ ಕೆಳಗಾದ ರೆಕ್ಕೆಗೆ ಗಾಳಿ ಹೆಚ್ಚು ಒತ್ತಿ ಅದನ್ನು ಮತ್ತೆ ಎತ್ತುತ್ತದೆ. ಅಂದರೆ ಹುಡುಗ ಗಾಬರಿಯಾಗಿ ಕೈ ಬಿಟ್ಟರೂ ವಿಮಾನ ತಾನೇ ಸರಿಯಾಗಲು ನೋಡುತ್ತದೆ. ಕಲಿಯುವವನಿಗೆ ಬೇಕಾದ್ದು ಇದೇ. ರೆಕ್ಕೆಯ ತಳ ಚಪ್ಪಟೆ, ಮೈ ಹಗುರ, ಓಟ ನಿಧಾನ. ಒಂದು ಮೀಟರಿನಿಂದ ಒಂದೂವರೆ ಮೀಟರು ರೆಕ್ಕೆಯಗಲ ಇದ್ದರೆ ದೂರ ಹೋದಾಗಲೂ ಕಣ್ಣಿಗೆ ಕಾಣುತ್ತದೆ. ತೀರಾ ಪುಟ್ಟದು ಗಾಳಿಗೆ ತರಗೆಲೆ.

ಮೈ ಫೋಮಿನದೇ ಇರಲಿ. ಬಾಲ್ಸಾ ಮರದ್ದು ಚೆಂದ, ಅನುಭವಸ್ಥರ ಕೈಯಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಬಿದ್ದರೆ ಬೆಂಕಿಕಡ್ಡಿ ಕಟ್ಟು. ಫೋಮಾದರೆ ಅಂಟಿಸಿ ಅರ್ಧ ಗಂಟೆಯಲ್ಲಿ ಮತ್ತೆ ಹಾರಿಸಬಹುದು. ಒಂದು ಮಾತು ನೆನಪಿರಲಿ: ಮಾಮೂಲಿ ಥರ್ಮೋಕೋಲಿಗೆ ಫೆವಿಕ್ವಿಕ್ ಹಾಕಿದಿರೋ, ಅದು ಕರಗಿ ಗುಂಡಿ ಬೀಳುತ್ತದೆ. ಪ್ರೊಪೆಲ್ಲರ್ ಮೂತಿಯಲ್ಲಿರದೆ ರೆಕ್ಕೆಯ ಹಿಂದೆ ಇರುವ ಬಿಕ್ಸ್‌ಲರ್, ಈಸಿಸ್ಟಾರ್ ಥರದವು ಇನ್ನೂ ಒಳ್ಳೆಯವು. ಮೂತಿ ನೆಲಕ್ಕೆ ಗುದ್ದಿದರೂ ಪ್ರೊಪೆಲ್ಲರೂ ಮೋಟಾರೂ ಉಳಿಯುತ್ತವೆ.

ದುಡ್ಡು ಸುರಿಯುವುದೇ ಆದರೆ ರಿಮೋಟಿಗೆ ಸುರಿಯಿರಿ. ವಿಮಾನ ಇವತ್ತು ಇದೆ, ನಾಳೆ ಇಲ್ಲ. ಒಳ್ಳೆಯ ರಿಮೋಟು ಮುಂದಿನ ಐದು ವಿಮಾನಕ್ಕೂ ಆಗುತ್ತದೆ. 2.4 ಗಿಗಾಹರ್ಟ್ಸಿನದು, ಕನಿಷ್ಠ ನಾಲ್ಕು ಚಾನೆಲ್, ಆರಿದ್ದರೆ ಮೇಲು. ಸಂಪರ್ಕ ತಪ್ಪಿದರೆ ಮೋಟಾರು ತಾನೇ ನಿಲ್ಲುವಂತೆ ಮನೆಯಲ್ಲೇ ಹೊಂದಿಸಿಕೊಂಡು ಹೊರಡಬೇಕು, ಇದರಲ್ಲಿ ಉದಾಸೀನ ಬೇಡ. ಮೇಷ್ಟ್ರ ರಿಮೋಟಿಗೆ ಶಿಷ್ಯನ ರಿಮೋಟು ಜೋಡಿಸುವ ಏರ್ಪಾಡಿದ್ದರೆ ಇನ್ನೂ ಭೇಷ್. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದವನ ಕಾಲಿಗೂ ಬ್ರೇಕ್ ಇರುತ್ತದಲ್ಲ, ಹಾಗೆ. ಈಗ ಜೈರೋ ಹಾಕಿದ ವಿಮಾನಗಳೂ ಬಂದಿವೆ, ವಾಲಿದರೆ ಯಂತ್ರವೇ ನೇರ ಮಾಡುತ್ತದೆ. ಬೇಡ ಅನ್ನುವುದಿಲ್ಲ. ಆದರೆ ಅದನ್ನು ಆಫ್ ಮಾಡಿ ಹಾರಿಸಲು ಬರುವ ತನಕ ಹಾರಿಸಲು ಬಂತು ಅನ್ನಬೇಡಿ.

ಬಡವರ ಮನೆ ಹುಡುಗ ಏನು ಮಾಡಬೇಕು? ಸ್ವಂತ ಕಟ್ಟಬೇಕು. ಎಲೆಕ್ಷನ್ ಬೋರ್ಡಿಗೆ ಬಳಸುತ್ತಾರಲ್ಲ, ಒಳಗೆ ಟೊಳ್ಳು ಸಾಲಿರುವ ಪ್ಲಾಸ್ಟಿಕ್ ಹಾಳೆ, ಅದರಲ್ಲಿ ವಿಮಾನ ಕಟ್ಟಿ ಹಾರಿಸಿದವರಿದ್ದಾರೆ. ಕೊಂಚ ಭಾರ, ಆದರೆ ಗಟ್ಟಿ. ಲೀಡರುಗಳ ಮುಖ ಹೊತ್ತ ಬೋರ್ಡು ಈ ಒಂದು ಉಪಯೋಗಕ್ಕಾದರೂ ಬರಲಿ! 1000 ಕೆ.ವಿ. ಮೋಟಾರು, 30 ಆಂಪಿಯರ್ ಇ.ಎಸ್.ಸಿ., ಒಂಬತ್ತು ಗ್ರಾಮಿನ ನಾಲ್ಕು ಸರ್ವೋ, 11.1 ವೋಲ್ಟಿನ ಬ್ಯಾಟರಿ, ಚಾರ್ಜರು, ರಿಮೋಟು ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸಿನಲ್ಲಿ ಮುಗಿಸಬಹುದು. ಕಟ್ಟಿದವನಿಗೆ ರಿಪೇರಿಯೂ ಬರುತ್ತದೆ, ಅದು ಲಾಭ. ಹಾರಿಸುವ ಮೊದಲು ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ತೂಗಿ ನೋಡಬೇಕು. ರೆಕ್ಕೆಯ ಮುಂದಿನ ಅಂಚಿನಿಂದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ತೂಕ ನಿಲ್ಲಬೇಕು. ಬಾಲ ಭಾರವಾದರೆ ಯಾವ ಶೂರನಿಂದಲೂ ಹಾರಿಸಲಾಗದು. ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ಈ ವರದಿಗಾರನಿಗೂ ಅರ್ಥವಾಗುವಷ್ಟು ಸುಲಭದ ಭೌತಶಾಸ್ತ್ರ ಇದು.

ಬ್ಯಾಟರಿ ವಿಷಯ ತಾಯಂದಿರು ಕೇಳಿಸಿಕೊಳ್ಳಿ. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಮೊಬೈಲಿನ ಹಾಗೆ ರಾತ್ರಿ ಚುಚ್ಚಿ ಮಲಗುವಂತಿಲ್ಲ. ಬೆಂಕಿ ಹೊತ್ತಿಕೊಳ್ಳಬಹುದು. ಅದರದೇ ಬ್ಯಾಲೆನ್ಸ್ ಚಾರ್ಜರಿನಲ್ಲಿ, ಸಿಮೆಂಟ್ ನೆಲದ ಮೇಲೆ, ಎದುರಿಗೆ ಕೂತು ಚಾರ್ಜ್ ಮಾಡಬೇಕು. ಊದಿಕೊಂಡ ಬ್ಯಾಟರಿ ಮುಟ್ಟಿ ಬಳಸಬಾರದು.

ಇನ್ನು ಎಡ–ಬಲದ ಗೊಂದಲ. ಆಚೆ ಹೋಗುವಾಗ ವಿಮಾನದ ಎಡ ನಿಮ್ಮ ಎಡ. ತಿರುಗಿ ನಿಮ್ಮ ಕಡೆ ಬಂತೋ, ಎಲ್ಲ ಉಲ್ಟಾ. ಹೊಸಬರ ವಿಮಾನ ಹೆಚ್ಚಾಗಿ ಬೀಳುವುದು ಇಲ್ಲೇ. ಇದಕ್ಕೆ ಹಳಬರ ಉಪಾಯವೊಂದಿದೆ: ಎದುರಿಗೆ ಬರುವಾಗ ಯಾವ ಕಡೆಯ ರೆಕ್ಕೆ ಕೆಳಗಾಗಿ ಕಂಡಿತೋ ಆ ಕಡೆಗೇ ಕಡ್ಡಿ ತಳ್ಳು. ಬಯಲಿಗೆ ಹೋಗುವ ಮುನ್ನ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಹತ್ತಿಪ್ಪತ್ತು ಗಂಟೆ ಕೂತು ಬಿದ್ದು ಬಿದ್ದು ಕಲಿಯಲಿ. ಅಲ್ಲಿ ಬಿದ್ದರೆ ಬಿಟ್ಟಿ.

ಎಲ್ಲ ಸರಿ, ಹಾರಿಸುವುದೆಲ್ಲಿ? ಇದು ಆಟಿಕೆ, ಕಾನೂನು ಯಾಕೆ ಎಂದು ಕೇಳುವವರು ಗಮನಿಸಿ: 2021ರ ಡ್ರೋನ್ ನಿಯಮಗಳಲ್ಲಿ ಮಾದರಿ ವಿಮಾನವೂ ಸೇರಿದೆ. ಹವ್ಯಾಸಕ್ಕೆ ಹಾರಿಸುವ, ಎರಡು ಕೆ.ಜಿ. ಮೀರದ ವಿಮಾನಕ್ಕೆ ಪೈಲಟ್ ಲೈಸೆನ್ಸ್ ಬೇಕಿಲ್ಲ. ಆದರೆ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರಿನ ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 8ರಿಂದ 12ರವರೆಗೆ 200 ಅಡಿ, ಅದರಾಚೆ ಹಸಿರು ವಲಯದಲ್ಲಿ 400 ಅಡಿ. ಸೋಗಾನೆ ನಮ್ಮ ಮಗ್ಗುಲಲ್ಲೇ ಇದೆ. ಎಂದ ಮೇಲೆ ಊರೊಳಗಿನ ಮೈದಾನದಲ್ಲಿ ಹುಡುಗರು ಮನಸ್ಸಿಗೆ ಬಂದಂತೆ ಹಾರಿಸುವ ಹಾಗಿಲ್ಲ. ಡಿಜಿಟಲ್ ಸ್ಕೈ ನಕ್ಷೆ ನೋಡಿ ಜಾಗ ಖಾತ್ರಿ ಮಾಡಿಕೊಂಡೇ ಹೊರಡಬೇಕು. ಮೇಲಾಗಿ ಒಂದು ಕೆ.ಜಿ. ಭಾರದ ವಸ್ತು, ಮೂತಿಯಲ್ಲೋ ಬೆನ್ನಲ್ಲೋ ತಿರುಗುವ ಅಲಗು. ಕ್ರಿಕೆಟ್ ಆಡುವ ಮಕ್ಕಳ ತಲೆಯ ಮೇಲೆ ಹಾರಿಸುವುದು ಯಾವ ನ್ಯಾಯ?

ದೂರದ ಹಳ್ಳಿಯಲ್ಲಿ ಭತ್ತ ಕೊಯ್ದ ಗದ್ದೆ ಪ್ರಶಸ್ತ. ಜನವರಿ, ಫೆಬ್ರವರಿಯ ಬೆಳಗ್ಗೆ ಗಾಳಿ ಏಳುವ ಮೊದಲು ಹೋಗಬೇಕು, ಗದ್ದೆಯವರನ್ನು ಕೇಳಿಯೇ ಇಳಿಯಬೇಕು. ಕರೆಂಟ್ ತಂತಿಯಿಂದ ದೂರ. ಅಡಿಕೆ ತೋಟದಿಂದ ಇನ್ನೂ ದೂರ, ಸಿಕ್ಕಿಕೊಂಡರೆ ಇಳಿಸಲು ಕೊನೆಗಾರನೇ ಬೇಕು, ಅವನ ಕೂಲಿ ನಿಮಗೆ ಗೊತ್ತೇ ಇದೆ.

ವಿಮಾನ ನಿಲ್ದಾಣಕ್ಕೆ ನೂರಾರು ಎಕರೆ ಹುಡುಕಿದ ಜಿಲ್ಲಾಡಳಿತ ಈ ಹುಡುಗರಿಗೆ ಹನ್ನೆರಡು ಕಿಲೋಮೀಟರಿನಾಚೆ ಒಂದು ನಾಲ್ಕೆಕರೆ ಬಯಲು ಗುರುತಿಸಿ ಕೊಡಲಾರದೇ? ಭಾನುವಾರ ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಎರಡೇ ಗಂಟೆ ಸಾಕು. ಒಂದು ಬೋರ್ಡು, ಕುಡಿಯಲು ನೀರು, ಎನ್.ಸಿ.ಸಿ. ಏರ್ ವಿಂಗಿನಲ್ಲಿ ಮಾದರಿ ವಿಮಾನ ಹಾರಿಸಿ ಬಲ್ಲವರು ಒಬ್ಬರೋ ಇಬ್ಬರೋ. ಖರ್ಚು ಒಂದು ಸನ್ಮಾನ ಸಮಾರಂಭದ ಹಾರ ತುರಾಯಿಯಷ್ಟೂ ಆಗದು. ಜೂನ್ ಬಂತೆಂದರೆ ಮಳೆ ಹಿಡಿಯುತ್ತದೆ, ಸೆಪ್ಟೆಂಬರಿನವರೆಗೆ ವಿಮಾನ ಗೋಡೆಯ ಮೊಳೆಗೇ. ಕೊಡುವುದಿದ್ದರೆ ಈ ಬೇಸಿಗೆಯೊಳಗೆ ಕೊಡಲಿ.